ದೇಹದ ಭಾರವೂ ದುರಭ್ಯಾಸದ ಭಾರವೂ



ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಊರುಗಳಲ್ಲಿ ಐವತ್ತು ವರುಷಗಳ ಹಿಂದೆ ಯಾರಾದರೂ "ಮೈಭಾರ ಇಳಿಸಬೇಕು" ಎಂದಿದ್ದರೆ ಕೇಳಿದವರು ನಗುತ್ತಿದ್ದರು. ಆ ಕಾಲದ ಬಡವರಿಗೆ ಹೊಟ್ಟೆ ತುಂಬಿಸುವದು ಹೇಗೆಂಬದೇ ಚಿಂತೆಯಾಗಿತ್ತು. ಮಳೆಗಾಲದ ನಡುವೆ ಅಕ್ಕಿ ತೀರಿದ ಮನೆಗಳಲ್ಲಿ ಕಳಲೆಯೂ ಕೆಸುವಿನ ಗೆಡ್ಡೆಯೂ ಹಲಸಿನ ಬೀಜವೂ ಜೀವ ಉಳಿಸಿದ್ದನ್ನು ನಮ್ಮ ಹಿರಿಯರು ಬಲ್ಲರು. ಆದಕಾರಣ ತುಂಬಿದ ಮೈಯನ್ನು ಸುಖದ ಗುರುತೆಂದು ಎಣಿಸುವದು ನಮ್ಮಲ್ಲಿ ರೂಢಿಯಾಯಿತು. "ಮೈಕೈ ತುಂಬಿಕೊಂಡಿದ್ದಾನೆ" ಎಂಬದು ಇಂದಿಗೂ ಹೊಗಳಿಕೆಯ ಮಾತಾಗಿದೆ.

ಆದರೆ ಕಾಲವು ಬದಲಾಯಿತು. ೨೦೧೯ರಿಂದ ೨೦೨೧ರ ವರೆಗೆ ದೇಶದಲ್ಲೆಲ್ಲಾ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗಂಡಸರಲ್ಲಿಯೂ ಹೆಂಗಸರಲ್ಲಿಯೂ ನೂರಕ್ಕೆ ಸುಮಾರು ೩೦ ಮಂದಿ ತಕ್ಕದ್ದಕ್ಕಿಂತ ಹೆಚ್ಚು ತೂಕವುಳ್ಳವರು. ೨೦೨೩ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನವು ಭಾರತದಲ್ಲಿ ೧೦ ಕೋಟಿಗೂ ಮಿಕ್ಕಿ ಜನರಿಗೆ ಸಕ್ಕರೆ ರೋಗವೂ, ೩೧ ಕೋಟಿಗೂ ಮಿಕ್ಕಿ ಜನರಿಗೆ ರಕ್ತದೊತ್ತಡವೂ ಉಂಟೆಂದು ತಿಳಿಸಿತು. ಇವು ಪೇಟೆಯ ಸಾಹುಕಾರರ ರೋಗಗಳೆಂದು ನಾವು ತಿಳಿದಿದ್ದೆವು. ಈಗಲಾದರೋ ಕೂಲಿಯವರ ಮನೆಯ ಗೂಡಿನಲ್ಲಿಯೂ ಮಾತ್ರೆಯ ಪೊಟ್ಟಣಗಳನ್ನು ನಾವು ಕಾಣುತ್ತೇವೆ. ಆದದರಿಂದ ಈ ತಿಂಗಳಿನ ಪಾಠದಲ್ಲಿ ಶರೀರದ ಭಾರವನ್ನು ಇಳಿಸಿ ಬಲವನ್ನು ಹೆಚ್ಚಿಸಿಕೊಳ್ಳುವದು ಹೇಗೆ, ಅದಕ್ಕೆ ಅಡ್ಡಿಯಾಗಿರುವ ಅಭ್ಯಾಸಗಳನ್ನು ಬಿಡುವದು ಹೇಗೆ ಎಂಬದನ್ನು ವಿಚಾರಿಸೋಣ.

೧. ಮೈಭಾರ ಹೆಚ್ಚಿದ ಬಗೆ

ಕುವೆಂಪು ಅವರು ೧೯೬೭ರಲ್ಲಿ ಪ್ರಕಟಿಸಿದ "ಮಲೆಗಳಲ್ಲಿ ಮದುಮಗಳು" ಎಂಬ ಕಾದಂಬರಿಯನ್ನು ಓದಿದವರಿಗೆ ಹಿಂದಿನ ತೀರ್ಥಹಳ್ಳಿ ಸೀಮೆಯ ಜನರು ಎಷ್ಟು ನಡೆಯುತ್ತಿದ್ದರೆಂಬದು ಗೊತ್ತುಂಟು. ಅದರಲ್ಲಿ ಒಡೆಯನೂ ಆಳೂ, ಗಂಡಸೂ ಹೆಂಗಸೂ, ಕಾಡಿನ ಕಾಲುದಾರಿಯಲ್ಲಿ ಸಂಕ ದಾಟಿ ಗುಡ್ಡ ಹತ್ತಿ ಊರಿಂದೂರಿಗೆ ಹೋಗುತ್ತಲೇ ಇರುತ್ತಾರೆ. ಪಾದ್ರಿಯ ಬೈಸಿಕಲ್ಲು ಅವರ ಕಣ್ಣಿಗೆ ದೊಡ್ಡ ಸೋಜಿಗವಾಗಿ ತೋರುತ್ತದೆ. ಈಗ ಯಾವ ಮನೆಯ ಮುಂದೆ ನೋಡಿದರೂ ಮೋಟಾರ್ ಬೈಕು ನಿಂತಿದೆ. ಅರ್ಧ ಮೈಲು ದೂರದ ಹಾಲಿನ ಡೈರಿಗೂ ನಾವು ಅದರ ಮೇಲೆಯೇ ಹೋಗುತ್ತೇವೆ. ಗದ್ದೆಯನ್ನು ಟಿಲ್ಲರ್ ಉಳುತ್ತದೆ; ತೋಟದ ಕಳೆಯನ್ನು ಯಂತ್ರ ಕೊಯ್ಯುತ್ತದೆ; ಒರಳುಕಲ್ಲಿನ ಕೆಲಸವನ್ನು ಮಿಕ್ಸಿ ಮಾಡುತ್ತದೆ. ಇದರಿಂದ ಬೆನ್ನುಮುರಿಯುವ ದುಡಿತ ಕಡಿಮೆಯಾದದ್ದು ಒಳ್ಳೇದೇ. ಆದರೆ ಶ್ರಮ ಹೋದ ಮೇಲೆಯೂ ಶ್ರಮದವನ ಊಟ ಉಳಿಯಿತು. ಗದ್ದೆ ಉತ್ತು ಬಂದವನಿಗೆ ಬೇಕಾಗಿದ್ದ ಅನ್ನದ ರಾಶಿಯನ್ನೇ ಬೈಕಿನಿಂದ ಇಳಿದವನೂ ಉಣ್ಣುತ್ತಾನೆ. ಉಂಡದ್ದರಲ್ಲಿ ವೆಚ್ಚವಾಗದೆ ಮಿಕ್ಕದ್ದು ಕೊಬ್ಬಾಗಿ ಕೂಡುವದು. ಇದರಲ್ಲಿ ಗುಟ್ಟೇನೂ ಇಲ್ಲ.

ನಾವು ಈ ಮಾತನ್ನು ದಡದಲ್ಲಿ ನಿಂತು ಹೇಳುವದಿಲ್ಲ. ಮೊದಲು ಊರೂರಿಗೆ ನಡೆದೇ ಹೋಗುತ್ತಿದ್ದ ನಾವು ಬೈಕು ಕೊಂಡ ಎಂಟು ವರುಷಗಳಲ್ಲಿ ೮೧ ಕಿಲೋ ತೂಕಕ್ಕೆ ಬಂದೆವು. ದಿಬ್ಬದ ಮೇಲಿನ ಒಂದು ಮನೆಗೆ ಹತ್ತುವಾಗ ಎರಡು ಸಾರಿ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಆ ಮನೆಯ ಎಪ್ಪತ್ತು ವರುಷದ ಅಜ್ಜಿಯು ನಮ್ಮ ಹಿಂದೆಯೇ ಹುಲ್ಲಿನ ಹೊರೆ ಹೊತ್ತು ಹತ್ತಿ ಬಂದು, "ಉಪದೇಶಿಗಳೇ, ಕೂತುಕೊಳ್ಳಿ, ನೀರು ತರ್ತೀನಿ" ಎಂದಾಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ. ಮರುವಾರ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವೂ ಹೆಚ್ಚಿದೆಯೆಂದು ತಿಳಿಯಿತು.

೨. ಭಾರವನ್ನು ಅಳೆಯುವ ಬಗೆ

ತೂಕ ಹೆಚ್ಚೋ ಕಡಿಮೆಯೋ ಎಂಬದನ್ನು ಕನ್ನಡಿಯಾಗಲಿ ನೆರೆಯವರ ಮಾತಾಗಲಿ ಸರಿಯಾಗಿ ಹೇಳಲಾರದು. ಎತ್ತರಕ್ಕೆ ತಕ್ಕ ತೂಕವನ್ನು ನೋಡಬೇಕು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಾರಿ ಭಾಗಿಸಿದರೆ ಬರುವ ಸಂಖ್ಯೆಯು ನಮ್ಮ ದೇಶದವರಿಗೆ ೨೩ರ ಒಳಗಿರುವದು ಉತ್ತಮ. ೨೫ ಮುಟ್ಟಿದರೆ ಅದನ್ನು ಬೊಜ್ಜೆಂದೇ ನಮ್ಮ ವೈದ್ಯರು ಎಣಿಸುತ್ತಾರೆ. ದೃಷ್ಟಾಂತಕ್ಕೆ, ೧೬೫ ಸೆಂಟಿಮೀಟರ್ ಎತ್ತರದ ಗಂಡಸು ಸುಮಾರು ೬೨ ಕಿಲೋ ಒಳಗೂ, ೧೫೦ ಸೆಂಟಿಮೀಟರ್ ಎತ್ತರದ ಹೆಂಗಸು ಸುಮಾರು ೫೧ ಕಿಲೋ ಒಳಗೂ ಇರುವದು ಒಳ್ಳೇದು.

ಇದಕ್ಕಿಂತ ಸುಲಭವಾದದ್ದು ದರ್ಜಿಯ ಟೇಪು. ಹೊಕ್ಕುಳದ ಮಟ್ಟದಲ್ಲಿ, ಉಸಿರು ಬಿಗಿಹಿಡಿಯದೆ, ಸೊಂಟದ ಸುತ್ತಳತೆ ತೆಗೆಯಿರಿ. ಗಂಡಸರಿಗೆ ೯೦ ಸೆಂಟಿಮೀಟರ್, ಹೆಂಗಸರಿಗೆ ೮೦ ಸೆಂಟಿಮೀಟರ್ ಮೀರಬಾರದು. ನಮ್ಮವರಲ್ಲಿ ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ಬಹಳ. ಸಕ್ಕರೆ ರೋಗವನ್ನೂ ಹೃದಯರೋಗವನ್ನೂ ಕರೆತರುವದರಲ್ಲಿ ಈ ಹೊಟ್ಟೆಯ ಕೊಬ್ಬೇ ಮುಂದು.

ಇಲ್ಲಿ ಒಂದು ಎಚ್ಚರಿಕೆ. ಎಲ್ಲರೂ ತೂಕ ಇಳಿಸಬೇಕೆಂದು ನಾವು ಹೇಳುವದಿಲ್ಲ. ನಮ್ಮ ಊರುಗಳಲ್ಲಿ ರಕ್ತಹೀನರಾದ, ತೆಳ್ಳಗಿನ ತಾಯಂದಿರೂ ಮಕ್ಕಳೂ ಇನ್ನೂ ಇದ್ದಾರೆ. ಅವರಿಗೆ ಹೆಚ್ಚು ಆಹಾರವೇ ಬೇಕು. ಬಸುರಿಯರೂ ಬಾಣಂತಿಯರೂ ಊಟ ಕಡಿಮೆ ಮಾಡಕೂಡದು. ಯಾವ ಪ್ರಯತ್ನವೂ ಇಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ ಸಂತೋಷಪಡದೆ ಕೂಡಲೆ ವೈದ್ಯರ ಬಳಿಗೆ ಹೋಗಬೇಕು. ಯಾಕಂದರೆ ಅದು ಕ್ಷಯರೋಗದ ಅಥವಾ ಸಕ್ಕರೆ ರೋಗದ ಗುರುತಾಗಿರಬಹುದು.

೩. ಊಟವೂ ಕಾಫಿಯೂ

ಮೊದಲು ಕಾಫಿಯ ಲೆಕ್ಕ ನೋಡೋಣ. ಒಬ್ಬನು ದಿನಕ್ಕೆ ನಾಲ್ಕು ಲೋಟ ಕುಡಿಯುತ್ತಾನೆ. ಲೋಟಕ್ಕೆ ಎರಡು ಚಮಚ, ಅಂದರೆ ಹತ್ತು ಗ್ರಾಂ ಸಕ್ಕರೆ. ದಿನಕ್ಕೆ ೪೦ ಗ್ರಾಂ ಆಯಿತು. ವರುಷಕ್ಕೆ ಅದು ೧೪ ಕಿಲೋ ೬೦೦ ಗ್ರಾಂ! ಅಂಗಡಿಯಲ್ಲಿ ಅಷ್ಟು ಸಕ್ಕರೆಯನ್ನು ಒಟ್ಟಿಗೆ ತೂಗಿಸಿ ಹೆಗಲ ಮೇಲೆ ಹೊತ್ತು ನೋಡಿದರೆ ಅದರ ಭಾರ ತಿಳಿದೀತು. ಆ ೪೦ ಗ್ರಾಂ ಸಕ್ಕರೆಯಲ್ಲಿ ೧೬೦ ಕ್ಯಾಲೊರಿಯಷ್ಟು ಶಕ್ತಿಯುಂಟು. ಅದನ್ನು ನಡೆದೇ ವೆಚ್ಚಮಾಡುವದಾದರೆ ದಿನವೂ ಸುಮಾರು ಮುಕ್ಕಾಲು ತಾಸು ನಡೆಯಬೇಕು. ಊಟದಲ್ಲಿರುವ ಬೇರೆ ಸಿಹಿಯನ್ನೂ ಸೇರಿಸಿ ದಿನಕ್ಕೆ ೨೫ ಗ್ರಾಮಿನ ಒಳಗಿರುವದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ತಿಳಿಸಿತು. ನಾವು ಒಂದೇ ದಿನಕ್ಕೆ ಸಕ್ಕರೆಯನ್ನು ಬಿಡಲಿಲ್ಲ. ಎರಡು ಚಮಚವನ್ನು ಒಂದೂವರೆ ಮಾಡಿದೆವು, ಹದಿನೈದು ದಿನದ ಮೇಲೆ ಒಂದು, ಆಮೇಲೆ ಅರ್ಧ. ನಾಲಿಗೆಯು ಅಷ್ಟರಲ್ಲಿ ಕಲಿತುಕೊಂಡಿತು.

ಊರಿನ ಮರ್ಯಾದೆಯೂ ಇದರಲ್ಲಿ ಅಡ್ಡ ಬರುತ್ತದೆ. ಮನೆಗೆ ಬಂದವರಿಗೆ ಕಾಫಿ ಕೊಡದಿದ್ದರೆ ಅವಮಾನ, ಬಂದವರು ಬೇಡವೆಂದರೂ ಅವಮಾನ. "ನಮ್ಮನೇಲಿ ಏನು ತಪ್ಪಾಯ್ತು?" ಎಂದು ಕೇಳಿದ ತಾಯಿಗೆ ನಾವು, "ತಪ್ಪೇನೂ ಇಲ್ಲ ಅಮ್ಮಾ, ಬಿಸಿ ಮಜ್ಜಿಗೆ ಸಾರು ಇದ್ದರೆ ಒಂದು ಲೋಟ ಕೊಡಿ" ಎಂದೆವು. ಈಗ ಆ ಮನೆಯವರು ನಮ್ಮನ್ನು ಕಂಡ ಕೂಡಲೆ ಮಜ್ಜಿಗೆಯನ್ನೇ ತರುತ್ತಾರೆ. ಬೇಡವೆನ್ನುವದಕ್ಕಿಂತ ಬೇರೊಂದನ್ನು ಕೇಳುವದು ಒಳ್ಳೇ ಉಪಾಯ.

ಊಟದ ವಿಷಯದಲ್ಲಿ ಪೇಟೆಯ ಪುಡಿಗಳನ್ನೂ ಔಷಧಗಳನ್ನೂ ಕೊಳ್ಳುವ ಅವಶ್ಯವಿಲ್ಲ. ತಟ್ಟೆಯ ಅರ್ಧವನ್ನು ಪಲ್ಯ, ಸೊಪ್ಪು, ತರಕಾರಿಗಳಿಂದ ತುಂಬಿಸಿರಿ. ಉಳಿದ ಅರ್ಧದಲ್ಲಿ ಅನ್ನವಾಗಲಿ ಕಡುಬಾಗಲಿ ರೊಟ್ಟಿಯಾಗಲಿ, ಜತೆಗೆ ಹುರುಳಿ, ಹೆಸರು, ಮೀನು, ಮೊಟ್ಟೆಗಳಲ್ಲಿ ಯಾವದಾದರೂ ಇರಲಿ. ಹಸಿವೆಯನ್ನು ಹೆಚ್ಚು ಹೊತ್ತು ತಡೆಯುವದು ಈ ಕಾಳು ಮೀನುಗಳೇ. ಬಸಳೆ, ಒಂದೆಲಗದ ತಂಬುಳಿ, ಹುರುಳಿ ಸಾರು, ಕಳಲೆ ಪಲ್ಯ, ಬಾಳೆದಿಂಡು ಇವು ನಮ್ಮ ಹಿತ್ತಲಿನ ಐಶ್ವರ್ಯ. ಇವನ್ನು ಬಡವರ ಊಟವೆಂದು ತೆಗೆದುಹಾಕಿ ಮಕ್ಕಳ ಕೈಗೆ ಅಂಗಡಿಯ ಕುರುಕಲು ಪೊಟ್ಟಣವನ್ನೂ ಸಿಹಿ ಸೋಡವನ್ನೂ ಕೊಡುವದು ಬುದ್ಧಿವಂತಿಕೆಯಲ್ಲ. ಕರಿದದ್ದು ವಾರಕ್ಕೊಮ್ಮೆ ಸಾಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ೧೨೦ ಕ್ಯಾಲೊರಿ ಇರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ಸೀಮೆಯ ಹೆಮ್ಮೆಯಾದರೂ ರಕ್ತದೊತ್ತಡವುಳ್ಳವರು ಅದನ್ನು ಮಿತದಲ್ಲಿ ತಿನ್ನಬೇಕು. ಯಾಕಂದರೆ ಎಲ್ಲಾ ಸೇರಿ ದಿನಕ್ಕೆ ಐದು ಗ್ರಾಮಿಗಿಂತ ಹೆಚ್ಚು ಉಪ್ಪು ಬೇಡ.

ಬಾಬೆಲಿನ ಅರಮನೆಯಲ್ಲಿ ದಾನಿಯೇಲನು ತನ್ನ ಮೇಲ್ವಿಚಾರಕನಿಗೆ ಹತ್ತು ದಿನಗಳ ಪರೀಕ್ಷೆಯನ್ನು ಮಾತ್ರ ಕೇಳಿದ್ದು ನಿಮಗೆ ನೆನಪಿದೆಯಷ್ಟೆ. ಆಯುಷ್ಯವೆಲ್ಲಾ ಹೀಗೆ ಉಣ್ಣುವೆನೆಂದು ಮೊದಲೇ ಪ್ರತಿಜ್ಞೆ ಮಾಡುವವನು ಮೂರನೇ ದಿನವೇ ಸೋಲುತ್ತಾನೆ. ನೀವೂ ಹತ್ತು ದಿನ ಮಾಡಿ ನೋಡಿರಿ.

೪. ನಡಿಗೆ

ಆರೋಗ್ಯವುಳ್ಳ ದೊಡ್ಡವರು ವಾರಕ್ಕೆ ಕನಿಷ್ಠ ೧೫೦ ನಿಮಿಷ ಚುರುಕಾಗಿ ನಡೆಯಬೇಕೆಂದೂ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಮಾಡಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯ ೨೦೨೦ರ ಸೂಚನೆ. ಅಂದರೆ ದಿನಕ್ಕೆ ಅರ್ಧ ತಾಸಿನಂತೆ ವಾರಕ್ಕೆ ಐದು ದಿನ. ಮಾತಾಡಲು ಉಸಿರು ಸಾಕಾಗಬೇಕು, ಹಾಡಲು ಸಾಲಬಾರದು. ಅದೇ ಚುರುಕು ನಡಿಗೆಯ ಅಳತೆ. ಕೊಡಚಾದ್ರಿ ೧೩೪೩ ಮೀಟರ್ ಎತ್ತರವುಂಟು. ಮೊದಲನೇ ದಿನವೇ ಅದನ್ನು ಹತ್ತಲು ಹೋಗಬೇಡಿರಿ. ಮನೆಯಿಂದ ಬಸ್ಸಿನ ನಿಲ್ದಾಣದ ವರೆಗೆ ಹತ್ತು ನಿಮಿಷ ನಡೆಯಿರಿ. ವಾರಕ್ಕೆ ಐದೈದು ನಿಮಿಷ ಕೂಡಿಸಿರಿ.

"ನಮಗೆ ಮನೆಗೆಲಸವೇ ಸಾಕು, ಬೇರೆ ನಡಿಗೆ ಯಾಕೆ?" ಎಂದು ಅನೇಕ ತಾಯಂದಿರು ಕೇಳುತ್ತಾರೆ. ನೀರು ಸೇದಿ, ಒರಳಿನಲ್ಲಿ ರುಬ್ಬಿ, ಸೊಪ್ಪಿನ ಹೊರೆ ಹೊರುವವರಿಗೆ ಇದು ನಿಜ. ಒಲೆಯ ಮುಂದೆ ನಿಂತಿರುವದರಿಂದ ಮೈ ದಣಿಯುತ್ತದೆಯೇ ಹೊರತು ಎದೆಗೆ ಬಲ ಬಾರದು. ಸಂಜೆ ಒಬ್ಬಳೇ ಹೊರಡುವದು ಕಷ್ಟವಾದರೆ ನೆರೆಹೊರೆಯ ಮೂವರು ಕೂಡಿ ಹೊರಡಿರಿ. ಆ ಅರ್ಧ ತಾಸು ಅಡಿಗೆಮನೆಯನ್ನು ನೋಡಿಕೊಳ್ಳುವದು ಗಂಡಸರ ಪಾಲಿನ ಕರ್ತವ್ಯ.

ನಮ್ಮ ಸೀಮೆಗೆ ತಕ್ಕ ಎರಡು ತೊಡಕುಗಳುಂಟು. ಮೊದಲನೆಯದು ಮಳೆ. ಆಗುಂಬೆಯಲ್ಲಿ ವರುಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಜೂನಿನಿಂದ ನಾಲ್ಕು ತಿಂಗಳು ದಾರಿಯಲ್ಲಿ ನಡೆಯುವದು ಎಲ್ಲರಿಂದಾಗದು. ಆಗ ಜಗಲಿಯ ಉದ್ದಕ್ಕೆ ಹೋಗಿ ಬನ್ನಿರಿ, ಮೆಟ್ಟಲು ಹತ್ತಿ ಇಳಿಯಿರಿ, ಹತ್ತು ಹತ್ತು ಬಸ್ಕಿ ತೆಗೆಯಿರಿ. ವಯಸ್ಸಾದವರು ಕುರ್ಚಿಯಿಂದ ಕೈಯೂರದೆ ಹತ್ತು ಸಾರಿ ಏಳಲಿ. ಎರಡನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲ್ಪಟ್ಟ ಈ ಜ್ವರವು ೨೦೧೮-೧೯ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಎಷ್ಟು ದುಃಖವನ್ನುಂಟುಮಾಡಿತೆಂಬದನ್ನು ಮರೆಯಲಾಗದು. ಚಳಿಗಾಲ ಬೇಸಿಗೆಗಳಲ್ಲಿ ಉಣುಗು ಹೆಚ್ಚಾಗಿರುವದರಿಂದ ನಡಿಗೆಗಾಗಿ ಕಾಡೊಳಗೆ ಹೋಗದೆ ಊರ ರಸ್ತೆಯನ್ನೇ ಹಿಡಿಯಿರಿ. ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಇಲಾಖೆಯವರು ಕೊಡುವ ತೈಲವನ್ನು ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನಮಾಡಿರಿ.

೫. ಕವಳವೂ ಹೊಗೆಸೊಪ್ಪೂ

ಈಗ ಕಷ್ಟವಾದ ಮಾತಿಗೆ ಬಂದೆವು. ಅಡಿಕೆಯು ನಮ್ಮ ಮೂರು ತಾಲೂಕುಗಳ ಅನ್ನದಾತೃ. ತೋಟವಿಲ್ಲದವರೂ ಕೊನೆ ಕೊಯ್ದು, ಹೊತ್ತು, ಸುಲಿದು, ಬೇಯಿಸಿ, ಒಣಗಿಸಿ ಕೂಲಿ ಪಡೆಯುತ್ತಾರೆ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲಾ ಕುಳಿತವರಿಗೆ ನಿದ್ರೆ ತಡೆಯಲು ಕವಳವೇ ಜತೆ. ಆದರೂ ಸತ್ಯವನ್ನು ಮುಚ್ಚಿಡಲಾಗದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪು ಸೇರದಿದ್ದರೂ ಅಡಿಕೆಯನ್ನು ಜಗಿಯುವದು ಕ್ಯಾನ್ಸರಿಗೆ ಕಾರಣವೆಂದು ನಿರ್ಣಯಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯವು ಇನ್ನೂ ಹೆಚ್ಚು. ತೋಟಗಾರರಿಗೆ ಈ ನಿರ್ಣಯವು ಸಹಿಸದು. ಅವರ ಸಂಕಟವು ನಮಗೆ ತಿಳಿಯದೆ ಇಲ್ಲ. ಆದರೆ ಕೈಗೆ ಕೂಲಿ ಕೊಡುವ ಅಡಿಕೆಯು ಬಾಯಿಗೂ ಹೋಗಬೇಕೆಂಬ ನಿಯಮವಿಲ್ಲ.

ನಮಗೆ ಪರಿಚಯವಿದ್ದ ಒಬ್ಬ ಸಹೋದರನು ಹದಿನಾರನೇ ವಯಸ್ಸಿನಿಂದ ಕವಳ ಹಾಕುತ್ತಿದ್ದನು. ಆಮೇಲೆ ಗುಟ್ಕಾ ಹಿಡಿದನು. ನಲವತ್ತಕ್ಕೆ ಖಾರ ತಿಂದರೆ ಬಾಯಿ ಉರಿಯತೊಡಗಿತು. ಕೆನ್ನೆಯ ಒಳಭಾಗವು ಬಿಳುಪಾಗಿ ಗಟ್ಟಿಯಾಯಿತು. ಮೂರು ಬೆರಳು ಹೋಗುತ್ತಿದ್ದ ಬಾಯಿಗೆ ಒಂದೇ ಬೆರಳು ಹೋಗುವಂತಾಯಿತು. ಅನ್ನದ ತುತ್ತನ್ನು ಬೆರಳಿನಿಂದ ಒತ್ತಿ ತುರುಕಿಕೊಳ್ಳುವದನ್ನು ನಾವು ಕಣ್ಣಾರೆ ಕಂಡೆವು. ಇದು ಅಡಿಕೆಯಿಂದ ಬರುವ ರೋಗ. ಹೀಗೆ ಗಟ್ಟಿಯಾದ ಭಾಗವು ಪೂರ್ಣವಾಗಿ ಮೊದಲಿನಂತೆ ಆಗುವದಿಲ್ಲ, ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ಅವನು ಬಿಟ್ಟನು, ಆದರೆ ತಡವಾಗಿ ಬಿಟ್ಟನು. ಆದಕಾರಣ ಪ್ರತಿಯೊಬ್ಬರೂ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಳ್ಳಿರಿ. ಮೂರು ಬೆರಳು ನೆಟ್ಟಗೆ ಹೋಗದಿದ್ದರೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ವೈದ್ಯರಿಗೆ ತೋರಿಸಬೇಕು.

ಗುಟ್ಕಾವನ್ನು ಕರ್ನಾಟಕ ಸರಕಾರವು ೨೦೧೩ರಲ್ಲಿ ನಿಷೇಧಿಸಿತು. ಆದರೆ ಪಾನ್ ಮಸಾಲೆಯನ್ನು ಒಂದು ಪೊಟ್ಟಣದಲ್ಲಿಯೂ ಹೊಗೆಸೊಪ್ಪನ್ನು ಇನ್ನೊಂದರಲ್ಲಿಯೂ ಕೊಂಡು ಕಲಸಿ ತಿನ್ನುವವರನ್ನು ಕಾನೂನು ತಡೆಯಲಾರದೆ ಹೋಯಿತು. ತನ್ನ ಕೈಯನ್ನು ತಾನೇ ತಡೆಯಬೇಕು.

ಬೀಡಿ ಸಿಗರೇಟು ಬಿಡುವವರಿಗೆ ಒಂದು ಮಾತು. ಬಿಟ್ಟ ಮೊದಲನೇ ವರುಷದಲ್ಲಿ ಹಸಿವೆ ಹೆಚ್ಚಿ ಅನೇಕರ ತೂಕ ನಾಲ್ಕೈದು ಕಿಲೋ ಏರುತ್ತದೆ. ಇದನ್ನು ಕಂಡು ಹೆದರಿ ಮತ್ತೆ ಸೇದಬೇಡಿರಿ. ಬಿಟ್ಟ ಒಂದು ವರುಷಕ್ಕೆ ಸೇದುವದರಿಂದ ಬಂದ ಹೃದಯರೋಗದ ಅಪಾಯವು ಅರ್ಧಕ್ಕೆ ಇಳಿಯುತ್ತದೆ. ಏರಿದ ಕಿಲೋಗಳನ್ನು ಆಮೇಲೆ ಇಳಿಸಿಕೊಳ್ಳಬಹುದು. ಬಾಯಿ ಸುಮ್ಮನಿರಲಾರದೆ ಹೋದರೆ ಏಲಕ್ಕಿ, ಲವಂಗ, ನೆಲ್ಲಿಕಾಯಿ ಹೋಳು ಇಟ್ಟುಕೊಳ್ಳಿರಿ. ಆಸೆಯ ಅಲೆಯು ಕೆಲವು ನಿಮಿಷಗಳಲ್ಲಿ ತಗ್ಗುತ್ತದೆ. ಅಷ್ಟು ಹೊತ್ತು ಅಂಗಳಕ್ಕೆ ಇಳಿದು ನಡೆಯಿರಿ. ಹೊಗೆಸೊಪ್ಪು ಬಿಡುವವರಿಗೆ ಬುದ್ಧಿಹೇಳುವ ರಾಷ್ಟ್ರೀಯ ದೂರವಾಣಿ ೧೮೦೦-೧೧-೨೩೫೬. ಅದಕ್ಕೆ ಹಣ ಬೇಡ.

೬. ಕುಡಿತ

ಸಾರಾಯಿಯನ್ನು ನಮ್ಮ ರಾಜ್ಯದಲ್ಲಿ ೨೦೦೭ರ ಜುಲೈ ೧ರಿಂದ ನಿಲ್ಲಿಸಿದರು. ಕುಡಿತವು ನಿಲ್ಲಲಿಲ್ಲ, ಬಾಟಲಿ ಬದಲಾಯಿತು. ಕುಡಿತದಿಂದ ಮನೆ ಹಾಳಾಗುವದನ್ನು ಎಲ್ಲರೂ ಬಲ್ಲರು. ಹೊಟ್ಟೆ ಬೆಳೆಯುವದನ್ನು ಕೆಲವರೇ ಬಲ್ಲರು. ಒಂದು ಗ್ರಾಂ ಮದ್ಯಸಾರದಲ್ಲಿ ಏಳು ಕ್ಯಾಲೊರಿ, ಸಕ್ಕರೆಯಲ್ಲಿ ನಾಲ್ಕೇ. ಜತೆಗೆ ತಿನ್ನುವ ಕರಿದ ಪದಾರ್ಥಗಳ ಲೆಕ್ಕ ಬೇರೆ. ಆದರೆ ಬಹುಕಾಲದಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಭ್ರಮೆ, ಫಿಟ್ಸು ಬಂದು ಪ್ರಾಣಕ್ಕೆ ಅಪಾಯವಾಗಬಹುದು. ಅಂಥವನನ್ನು ಕೋಣೆಯಲ್ಲಿ ಕೂಡಿಹಾಕದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ.

೭. ನಿಧಾನವೇ ದಾರಿ

ವಾರಕ್ಕೆ ಅರ್ಧ ಕಿಲೋ, ಹೆಚ್ಚೆಂದರೆ ಒಂದು ಕಿಲೋ ಇಳಿದರೆ ಸಾಕು. ತೂಕದಲ್ಲಿ ಇಪ್ಪತ್ತರಲ್ಲೊಂದು ಪಾಲು ಇಳಿದರೂ ರಕ್ತದೊತ್ತಡವೂ ಸಕ್ಕರೆಯೂ ಸುಧಾರಿಸುವದುಂಟು. ೨೦೦೬ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ, ಸಕ್ಕರೆ ರೋಗದ ಅಂಚಿನಲ್ಲಿದ್ದವರು ಊಟವನ್ನು ತಿದ್ದಿಕೊಂಡು ದಿನವೂ ನಡೆದಾಗ, ತೂಕವು ಅಷ್ಟಾಗಿ ಇಳಿಯದಿದ್ದರೂ ರೋಗವು ನಾಲ್ಕನೇ ಒಂದು ಪಾಲಿಗೂ ಹೆಚ್ಚು ಕಡಿಮೆಯಾಯಿತು. ಆದದರಿಂದ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲವೆಂದು ನಡಿಗೆಯನ್ನು ಬಿಡಬೇಡಿರಿ. ಸಕ್ಕರೆಗೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಕೂಡದು. ನಡೆಯುವಾಗ ಎದೆ ನೊಂದರೆ ಕೂಡಲೆ ನಿಲ್ಲಬೇಕು. ೩೦ ವರುಷ ದಾಟಿದವರೆಲ್ಲರೂ ಆಶಾ ಕಾರ್ಯಕರ್ತೆಯರನ್ನು ಕೇಳಿ ಆರೋಗ್ಯ ಕೇಂದ್ರದಲ್ಲಿ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿಕೊಳ್ಳಲಿ.

ನಾವು ಎಂಟು ತಿಂಗಳಲ್ಲಿ ೮೧ರಿಂದ ೭೪ಕ್ಕೆ ಬಂದೆವು. ನಡುವೆ ಮದುವೆಯ ಕಾಲದಲ್ಲಿ ಎರಡು ಕಿಲೋ ಮತ್ತೆ ಏರಿತು. ಆಗ ಎಲ್ಲಾ ವ್ಯರ್ಥವಾಯಿತೆಂದು ಮನಸ್ಸು ಕುಂದಿತು. ಆದರೆ ಬಿದ್ದವನು ಬಿದ್ದಲ್ಲೇ ಇರಬೇಕೆಂದು ಯಾರೂ ವಿಧಿಸಿಲ್ಲವಲ್ಲ. ಮರುದಿನ ಪುನಃ ನಡೆದೆವು. ತಕ್ಕ ತೂಕಕ್ಕೆ ಇನ್ನೂ ದೂರವಿದ್ದೇವೆ. ಆದರೆ ಹೋದ ತಿಂಗಳು ಆ ದಿಬ್ಬದ ಮನೆಗೆ ಒಮ್ಮೆಯೂ ನಿಲ್ಲದೆ ಹತ್ತಿದೆವು. ಅಜ್ಜಿ ನಮ್ಮನ್ನು ನೋಡಿ, "ಏನು ಉಪದೇಶಿಗಳೇ, ಇವತ್ತು ನೀರು ಬೇಡವೋ?" ಎಂದು ನಕ್ಕಳು. ಬೇಕೆಂದೇ ಹೇಳಿ ಕುಡಿದೆವು.

ಪಾಠದ ಪ್ರಶ್ನೆಗಳು

(೧) ನಿಮ್ಮ ಮನೆಯಲ್ಲಿ ತಿಂಗಳಿಗೆ ಎಷ್ಟು ಸಕ್ಕರೆ, ಎಷ್ಟು ಎಣ್ಣೆ ಖರ್ಚಾಗುತ್ತದೆ? ತಲೆಗೆ ದಿನಕ್ಕೆ ಎಷ್ಟಾಯಿತು?
(೨) ಮನೆಯ ದೊಡ್ಡವರೆಲ್ಲರ ಸೊಂಟದ ಅಳತೆ ಎಷ್ಟು? ಯಾರು ಮಿತಿ ಮೀರಿದ್ದಾರೆ?
(೩) ತೂಕ ಇಳಿಸಬಾರದವರು ಯಾರು?
(೪) ಬೈಕಿನಲ್ಲಿ ಹೋಗುವ ಯಾವ ದಾರಿಯನ್ನು ನೀವು ನಡೆದು ಹೋಗಬಹುದು?
(೫) ನಿಮ್ಮ ಬಾಯಿಗೆ ಮೂರು ಬೆರಳು ಹೋಗುತ್ತವೆಯೋ?
(೬) ಮುಂದಿನ ಹತ್ತು ದಿನಕ್ಕೆ ನೀವು ಬಿಡುವ ಒಂದು ಅಭ್ಯಾಸ ಯಾವದು? ಅದನ್ನು ಮನೆಯ ಒಬ್ಬರಿಗೆ ಇಂದೇ ಹೇಳಿರಿ.